ಮ್ಯಾಲ ಎರಡು, ಕೆಳಗ ನಾಕು

ಕೊಪ್ಪಳ ಜಿಲ್ಲೆಯಾದ ವರ್ಷವೇ ನಾನು ಬಿ.ಎಸ್ಸಿ. ಪಾಸಾದೆ. ಜಿಲ್ಲೆಯಾದದ್ದಕ್ಕೆ ಪೇಟೆಯಲ್ಲಿ ಪಟಾಕಿ ಹಾರಿಸಿದರು. ನಾನು ಪಾಸಾದದ್ದಕ್ಕೆ ನಮ್ಮಪ್ಪ ಯಲಬುರ್ಗಾದಿಂದ ಪೇಡೆ ತಂದ. ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಈಗಲೂ ನಾನು ಪೇಡೆಯ ಕಡೆಗೇ ನಿಲ್ಲುತ್ತೇನೆ.

ನಮ್ಮದು ಯಲಬುರ್ಗಾ ತಾಲೂಕಿನ ಎರೆಹೊಲದ ಒಂದು ಹಳ್ಳಿ. ಮನೆತನದಲ್ಲಿ ಸಹಿ ಮಾಡಲು ಬರುತ್ತಿದ್ದವನು ಅಪ್ಪ ಒಬ್ಬನೇ. ಅವ್ವ ಹೆಬ್ಬೆಟ್ಟು. ಅಂಥ ಮನೆಯಿಂದ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಗಂಡುಮಕ್ಕಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ರಜೆಯಲ್ಲಿ ಹತ್ತಿ ಬಿಡಿಸಿ, ಉಳಿದ ದಿನ ಕೊಪ್ಪಳದ ಬಸ್ಸಿನಲ್ಲಿ ನಿಂತುಕೊಂಡೇ ಓದಿ ಗಳಿಸಿದ್ದು ಅದು. ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ.

ಪೇಡೆ ತಿನ್ನುತ್ತ ಅಪ್ಪ ಕೇಳಿದ್ದ: "ಇನ್ನ ಮುಂದ ನೀ ಏನಾಕ್ಕಿ? ಡಾಕ್ಟರಾ?"

"ಅಲ್ಲಪ್ಪ."

"ನರ್ಸಾ?"

"ಅದೂ ಅಲ್ಲ."

"ಮತ್ತ ಅವರಿಬ್ಬರ ನಡುವ ಇನ್ನೇನ್ ಉಳಿತೈತಿ?"

ಆ ನಡುವೆ ಉಳಿದದ್ದೇ ನನ್ನ ಕೆಲಸ. ಟೆಕ್ನಿಷಿಯನ್ ಕೋರ್ಸ್ ಮುಗಿಸಿ, ಗಂಗಾವತಿಯಲ್ಲಿ ಕೆಲವು ವರ್ಷ ಹಂಗಾಮಿಯಾಗಿ ದುಡಿದು, ಕೊನೆಗೆ ಕುಷ್ಟಗಿಯ ಆಸ್ಪತ್ರೆಯಲ್ಲಿ ಕಾಯಂ ಆದೆ. ಈಸಿಜಿ ತೆಗೆಯುವುದು. ಹೃದಯ ಬಡಿಯುವಾಗ ಹುಟ್ಟುವ ಸಣ್ಣ ಕರೆಂಟನ್ನು ಯಂತ್ರ ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ಕೈಕಾಲಿಗೆ ನಾಲ್ಕು ಕ್ಲಿಪ್ಪು, ಎದೆಯ ಮೇಲೆ ಆರು ರಬ್ಬರ್ ಬಲ್ಬು. ಆ ಆರಕ್ಕೂ ಗೊತ್ತಾದ ಜಾಗವಿದೆ. ಪಕ್ಕೆಲುಬು ಎಣಿಸಿ ಹಚ್ಚಬೇಕು. ಎರಡು ಬೆರಳಿನಷ್ಟು ಮೇಲೆ ಹೋದರೂ ಗೆರೆಯ ಮುಖ ಬೇರೆಯಾಗುತ್ತದೆ.

ಕೋರ್ಸಿನಲ್ಲಿ ಹೀಗೆ ಕಲಿತು ಗಂಗಾವತಿಗೆ ಹೋದರೆ ಅಲ್ಲಿ ಬೇರೆಯೇ ಪದ್ಧತಿ. ಈಸಿಜಿ ಕೋಣೆಯಲ್ಲಿ ಒಬ್ಬ ಹಿರಿಯರಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡಸರಾದರೆ ಚಾಚಾ ಅಂಗಿ ಬಿಚ್ಚಿಸಿ ಪುಸ್ತಕದಲ್ಲಿದ್ದಂತೆಯೇ ಹಚ್ಚುತ್ತಿದ್ದರು. ಹೆಂಗಸರು ಬಂದರೆ ಕಣ್ಣು ಗೋಡೆಯ ಕಡೆಗೆ. ಜಂಪರಿನ, ಅಂದರೆ ರವಿಕೆಯ, ಕೊರಳ ಅಂಚಿಗಿಂತ ಮೇಲೆ ಎರಡು ಬಲ್ಬು, ಕೆಳಗಿನ ಅಂಚಿನ ಹತ್ತಿರ ನಾಲ್ಕು. ನಡುವಿನ ಭಾಗಕ್ಕೆ ಅವರ ಕೈ ಹೋಗುತ್ತಲೇ ಇರಲಿಲ್ಲ.

"ಚಾಚಾ, ಇದು ಜಾಗ ಅಲ್ಲಲ್ರಿ" ಎಂದೆ ಮೊದಲ ವಾರದಲ್ಲೇ.

"ಗೊತ್ತೈತಿ ಬೇಟಿ. ಪೈಲೇಕ ಇಜ್ಜತ್ತು, ಆಮ್ಯಾಲ ಗೆರಿ. ಮ್ಯಾಲ ಎರಡು, ಕೆಳಗ ನಾಕು. ಡಾಕ್ಟರಿಗೂ ಗೊತ್ತೈತಿ ಇದು."

ಡಾಕ್ಟರಿಗೆ ಗೊತ್ತಿತ್ತು ಎಂಬುದೂ ಖರೆ. ಹೆಂಗಸರ ಕಾಗದ ಕೈಗೆ ಬಂದರೆ ಅವರು ಗೆರೆಯನ್ನು ಅರ್ಧ ನೋಡಿ, ಎದುರಿಗೆ ಕುಳಿತವಳನ್ನು ಪೂರ್ತಿ ನೋಡುತ್ತಿದ್ದರು. ಮುಖ ಬಿಳಿಚಿದೆಯೇ, ಬೆವರಿದ್ದಾಳೆಯೇ, ಉಸಿರು ಹೇಗಿದೆ. ಗೆರೆಯಲ್ಲಿ ಬಿಟ್ಟುಹೋದದ್ದನ್ನು ಕಣ್ಣಿನಿಂದ ತುಂಬಿಕೊಳ್ಳುತ್ತಿದ್ದರು. ಹೀಗೆ ಎಷ್ಟೋ ವರ್ಷ ಅದು ನಡೆದುಕೊಂಡು ಬಂದಿತ್ತು. ನಾನು ಬಂದ ಮೇಲೆ ಹೆಂಗಸರೆಲ್ಲ ನನ್ನ ಪಾಲಿಗೆ ಬಂದರು. ಚಾಚಾ ನಿರಾಳವಾಗಿ ಹೊರಗೆ ಹೋಗಿ ಚಹಾ ಕುಡಿಯುತ್ತಿದ್ದರು.

ಕುಷ್ಟಗಿಯಲ್ಲೂ ಅದೇ ಪದ್ಧತಿ. ಅಲ್ಲಿ ಇನ್ನೂ ಗಟ್ಟಿ. ಗಂಗಾವತಿಯ ಸುತ್ತ ನೀರಾವರಿ ಹೊಲಕ್ಕೆಂದು ಬಂದು ನೆಲೆಸಿದ ಕ್ಯಾಂಪುಗಳ ತೆಲುಗು ಹೆಂಗಸರು ಹುಕ್ಕಿನ ಜಂಪರು ತೊಡುತ್ತಿದ್ದರು, ಹೇಳಿದರೆ ಬಿಚ್ಚುತ್ತಿದ್ದರು. ಕುಷ್ಟಗಿಯ ಕಡೆಯ ದೊಡ್ಡ ಹೆಂಗಸರದು ಇಳಕಲ್ಲ ಸೀರೆ, ಎದೆಯ ಕೆಳಗೆ ಗಂಟು ಬಿಗಿಯುವ ಖಣದ ಕುಪ್ಪಸ. ಆ ಗಂಟನ್ನು ಆಸ್ಪತ್ರೆಯಲ್ಲಿ, ಅದೂ ಗಂಡಸಿನ ಮುಂದೆ ಬಿಚ್ಚುವ ಮಾತೇ ಇಲ್ಲ. ನನ್ನ ಪಾಳಿಯಲ್ಲಿ ನಾನು ಹೇಗೋ ಪುಸಲಾಯಿಸಿ ಸರಿಯಾಗಿ ಹಚ್ಚುತ್ತಿದ್ದೆ. ಇನ್ನೊಂದು ಪಾಳಿಯಲ್ಲಿ ಇದ್ದವನು ನನಗಿಂತ ಕಿರಿಯ, ಒಳ್ಳೆಯ ಹುಡುಗ, ನನ್ನನ್ನು ಅಕ್ಕಾರ ಎನ್ನುತ್ತಿದ್ದ. ಅವನದು ಮ್ಯಾಲ ಎರಡು, ಕೆಳಗ ನಾಕು.

ಹೀಗಿರುವಾಗ ಹೊಸ ಯಂತ್ರ ಬಂತು. ಅಷ್ಟೊತ್ತಿಗೆ ನಮ್ಮಲ್ಲಿ ಕುರಿ ಕಾಯುವವರ ಕೈಯಲ್ಲೂ ದೊಡ್ಡ ಮೊಬೈಲು ಬಂದಿತ್ತು. ಈಸಿಜಿ ತೆಗೆದ ಕೂಡಲೇ ಗೆರೆ ಫೋನಿನ ಮೂಲಕ ಎಲ್ಲಿಯೋ ಇರುವ ಕಂಪ್ಯೂಟರಿಗೆ ಹೋಗುವುದು, ಚಹಾ ಆರುವುದರೊಳಗೆ ಅಲ್ಲಿಂದ ಉತ್ತರ ಬರುವುದು. ಹಸಿರು ಬಂದರೆ ಚಿಂತೆಯಿಲ್ಲ, ಹಳದಿ ಬಂದರೆ ವಿಚಾರ ಮಾಡಿ, ಕೆಂಪು ಬಂದರೆ ಹಾರ್ಟ್ ಅಟ್ಯಾಕು. ಕಲಿಸಲು ಬೆಂಗಳೂರಿನಿಂದ ಒಬ್ಬ ಎಂಜಿನಿಯರ್ ಬಂದಿದ್ದರು.

"ಇದಕ್ಕೆ ನಾವು ನಿಯಮ ಅಂತ ಏನೂ ಹೇಳಿಕೊಟ್ಟಿಲ್ಲ ಮೇಡಂ" ಎಂದರು ಅವರು. "ದೊಡ್ಡ ದೊಡ್ಡ ಆಸ್ಪತ್ರೆಗಳಿಂದ ರಾಶಿ ಈಸಿಜಿ ತಂದ್ವಿ. ಇದು ಅಟ್ಯಾಕ್ ಆದವರದು, ಇದು ಆಗದೇ ಇರೋರದು ಅಂತ ತೋರಿಸ್ತಾ ಹೋದ್ವಿ, ಅಷ್ಟೇ. ನೋಡಿ ನೋಡಿ ಅದೇ ಕಲ್ತಿದೆ."

ನಮ್ಮ ಹಿರಿಯ ಸಿಸ್ಟರು, "ನಮ್ಮತ್ತಿನೂ ಹಿಂಗ ನೋಡ್ರಿ. ಏನೂ ಹೇಳಿಕೊಡಂಗಿಲ್ಲ, ಸೊಸಿ ನೋಡಿನ ಕಲೀಬೇಕಂತಾಳ" ಎಂದು ಎಲ್ಲರನ್ನೂ ನಗಿಸಿದರು. ಯಂತ್ರಕ್ಕೆ ಜೋತಿಷ್ಯಾರು ಎಂದು ಹೆಸರಿಟ್ಟವರೂ ಅವರೇ. ಆಮೇಲೆ ನಮ್ಮ ಡಾಕ್ಟರೂ ಅದನ್ನೇ ಹಿಡಿದರು. "ಏನಂತಾರ ಜೋತಿಷ್ಯಾರು?" ಎಂದೇ ಕೇಳುತ್ತಿದ್ದರು.

ಗಂಡಸರ ವಿಷಯದಲ್ಲಿ ಜೋತಿಷ್ಯಾರು ಭಾಳ ಛಲೋ ಇದ್ದರು. ಲಾರಿ ಡ್ರೈವರೊಬ್ಬ ತೋಳು ನೋವೆಂದು ಬಂದಾಗ ನಾವು ಯಾರೂ ಅನುಮಾನ ಪಡುವ ಮೊದಲೇ ಕೆಂಪು ತೋರಿಸಿದರು, ಅವನು ಉಳಿದ. ಹೆಂಗಸರ ವಿಷಯಕ್ಕೆ ಬಂದರೆ ಮಾತ್ರ ಕೆಂಪೇ ಹೆಚ್ಚು. ಆಂಬ್ಯುಲೆನ್ಸಿನಲ್ಲಿ ಕೊಪ್ಪಳಕ್ಕೆ ಕಳಿಸುವುದು, ಅಲ್ಲಿ ಮತ್ತೆ ತೆಗೆದು ಏನೂ ಇಲ್ಲವೆಂದು ವಾಪಸ್ ಕಳಿಸುವುದು. ಹಾಗೆ ಹೋಗಿಬಂದ ಒಬ್ಬಳ ಗಂಡ ಬಾಗಿಲಲ್ಲಿ ನಿಂತು, "ಸಾಹೇಬ್ರ, ನಿಮ್ಮ ಮಷಿನ್ನಿಗೆ ನನ್ನ ಹೇಣ್ತಿ ಮ್ಯಾಲ ಏನರ ಸಿಟ್ಟೈತೇನ್ರಿ? ಹೊಲದಾಗ ದಾಳಿಂಬ್ರಿ ಹರಿಯಾಕ ಮಂದಿ ಬಿಟ್ಟ ಓಡಿ ಬಂದೀನಿ" ಎಂದ. ಅವತ್ತಿನಿಂದ ಹೆಂಗಸರ ಕೆಂಪಿಗೆ ಬೆಲೆ ಹೋಯಿತು. "ಹೆಣ್ಮಕ್ಕಳಿಗೆ ಅವರು ಹಂಗ ಅಂತಾರ, ಬಿಡ್ರಿ" ಎನ್ನುವುದು ಮಾತಾಯಿತು.

ನನಗೆ ಅದು ಸರಿಬರಲಿಲ್ಲ. ನನ್ನ ಪಾಳಿಯಲ್ಲಿ ಹೆಂಗಸರಿಗೆ ಕೆಂಪು ಬರುವುದು ಅಪರೂಪವಾಗಿತ್ತು. ಒಂದು ದಿನ ಮನೆಗೆ ಹೋಗದೆ ನಿಂತು ಆ ಹುಡುಗ ಹಚ್ಚುವುದನ್ನು ನೋಡಿದೆ. ನೋಡಿದ ಕೂಡಲೇ ತಿಳಿಯಿತು. ಮೇಲಿನ ಎರಡು ಬಲ್ಬು ಕೊರಳ ಹತ್ತಿರ ಹೋದರೆ ಆ ಗೆರೆ ಹೃದಯದ ಮುಂಭಾಗ ಸತ್ತವರ ಗೆರೆಯಂತೆ ಕಾಣುತ್ತದೆ. ಡಾಕ್ಟರ ಕಣ್ಣಿಗೆ ಎದುರಿಗೊಬ್ಬ ಹೆಂಗಸು ಇರುತ್ತಾಳೆ. ಕಂಪ್ಯೂಟರಿಗೆ ಗೆರೆ ಬಿಟ್ಟರೆ ಬೇರೇನಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಗೌನು ತೊಟ್ಟು ಸರಿಯಾದ ಜಾಗದಲ್ಲಿ ಹಚ್ಚಿಸಿಕೊಂಡ ಹೆಂಗಸರ ಗೆರೆ ನೋಡಿ ಕಲಿತದ್ದಕ್ಕೆ ನಮ್ಮ ಕುಪ್ಪಸ ಗೊತ್ತಿರಲು ಸಾಧ್ಯವೇ?

ಹುಡುಗನಿಗೆ ಹೇಳಿದೆ. ಅವನು ತಲೆ ತಗ್ಗಿಸಿಯೇ ಉತ್ತರ ಕೊಟ್ಟ: "ಅಕ್ಕಾರ, ನೀವು ಬಿಚ್ಚು ಅಂದ್ರ ಅದು ಚಿಕಿತ್ಸಾ. ನಾ ಬಿಚ್ಚು ಅಂದ್ರ ಹೊರಗ ನಿಂತ ಅವರ ಅಣ್ಣ ತಮ್ಮಂದ್ರು ನನಗ ಚಿಕಿತ್ಸಾ ಮಾಡ್ತಾರ."

ಡಾಕ್ಟರಿಗೂ ಹೇಳಿದೆ. ಅವರು ಕೇಳಿಸಿಕೊಂಡು, ಹೆಂಗಸರಿಗೆ ಹಚ್ಚುವಾಗ ಸಿಸ್ಟರನ್ನು ಕರೆಯಿರಿ ಎಂದರು. ಸಿಸ್ಟರುಗಳಿಗೆ ಹೆರಿಗೆ ವಾರ್ಡು ಬಿಟ್ಟು ಬರಲು ಪುರುಸೊತ್ತೇ ಇರುತ್ತಿರಲಿಲ್ಲ. ಎರಡು ದಿನ ನಡೆಯಿತು, ಮತ್ತೆ ಹಳೆಯ ದಾರಿ.

ಇನ್ನು ಖಾನಾವಳಿಯ ದೊಡ್ಡವ್ವನ ಮಾತು. ಕುಷ್ಟಗಿಯ ಬಸ್ ಸ್ಟ್ಯಾಂಡಿನ ಹಿಂದೆ ಆಕೆಯ ಖಾನಾವಳಿ ಇತ್ತು. ಗಂಡ ತೀರಿದ ಮೇಲೆ ಒಬ್ಬಳೇ ಹೂಡಿದ್ದು. ಡ್ರೈವರು, ಕಂಡಕ್ಟರು, ತಾಲೂಕು ಕಚೇರಿಯವರು, ಎಲ್ಲರೂ ಉಣ್ಣುವುದು ಅಲ್ಲೇ. ಹೊಸದಾಗಿ ಕುಷ್ಟಗಿಗೆ ಬಂದು ಕೋಣೆ ಸಿಗದೆ ಇದ್ದಾಗ ನಾನೂ ಅಲ್ಲಿಯೇ ಉಂಡಿದ್ದೆ. ಜೋಳದ ರೊಟ್ಟಿಯನ್ನು ಆಕೆಯ ಹಾಗೆ ತೆಳ್ಳಗೆ ಬಡಿಯುವವರನ್ನು ನಾನು ಈವರೆಗೆ ನೋಡಿಲ್ಲ. ಗಂಡಸರ ಸಾಲಿನಲ್ಲಿ ನನ್ನನ್ನು ಕೂಡಿಸದೆ ಒಲೆಯ ಹತ್ತಿರ ಮಣೆ ಹಾಕುತ್ತಿದ್ದಳು. "ಡಿಗ್ರಿ ಓದಿದಾಕಿ, ಬಿಸಿದು ತಿನ್ನು" ಎನ್ನುತ್ತಿದ್ದಳು.

ಅವತ್ತು ನನ್ನನ್ನು ಯಲಬುರ್ಗಾದಲ್ಲಿ ಒಂದು ಆರೋಗ್ಯ ಶಿಬಿರಕ್ಕೆ ಹಾಕಿದ್ದರು. ಮಧ್ಯಾಹ್ನ ಮುಗಿಸಿ, ಸಾಮಾನು ಇಡಲು ಆಸ್ಪತ್ರೆಗೆ ಬಂದೆ. ಬೆಂಚಿನ ಮೇಲೆ ದೊಡ್ಡವ್ವ ಕುಳಿತಿದ್ದಳು, ಅಂಗೈಯಲ್ಲಿ ದವಡೆ ಹಿಡಿದುಕೊಂಡು. ಪಕ್ಕದಲ್ಲಿ ಸೊಸೆ. ಫ್ಯಾನಿನ ಕೆಳಗೆ ಕುಳಿತಿದ್ದರೂ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು.

"ಏನಾತ ದೊಡ್ಡವ್ವ?"

"ಏನಿಲ್ಲ ಬೇ, ಪಿತ್ತ. ಎರಡ ಸಲ ವಾಂತಿ ಆತು. ಹಲ್ಲ ಬ್ಯಾರೆ ನೋಯಾಕತ್ತಾವ. ಇರೋ ನಾಕ ಹಲ್ಲಿಗೆ ಎಷ್ಟ ಸೊಕ್ಕು ನೋಡು."

ಹುಡುಗ ಒಳಗಿನಿಂದ ಬಂದು ಸಣ್ಣ ದನಿಯಲ್ಲಿ ಹೇಳಿದ: "ಈಸಿಜಿ ತಗದೀನಿ ಅಕ್ಕಾರ. ಗಂಟಿಗೆ ಕೈ ಹಚ್ಚಾಕ ಬಿಡಲಿಲ್ಲ. ಮ್ಯಾಲ ಎರಡು ಹಚ್ಚೀನಿ. ಕೆಂಪು ಬಂದೈತಿ."

"ಡಾಕ್ಟರು?"

"ಹೆಣ್ಮಕ್ಕಳಿಗೆ ಹಂಗ ಅಂತೈತಿ ಅಂದ್ರು. ಪಿತ್ತದ ಇಂಜೆಕ್ಷನ್ ಕೊಟ್ಟು ಅರ್ಧ ತಾಸು ಕುಂದ್ರಿಸ್ರಿ ಅಂದಾರ."

ಇಲ್ಲಿ ಡಾಕ್ಟರ ಪರವಾಗಿ ಒಂದು ಮಾತು ಹೇಳಬೇಕು. ಹಾರ್ಟ್ ಅಟ್ಯಾಕಿಗೆ ರಕ್ತದ ಗಂಟು ಕರಗಿಸುವ ಇಂಜೆಕ್ಷನ್ ನಮ್ಮ ಫ್ರಿಜ್ಜಿನಲ್ಲೇ ಇತ್ತು. ಅಟ್ಯಾಕು ಹೌದಾದರೆ ಅದನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಹೃದಯ ಉಳಿಯುತ್ತದೆ. ಅಲ್ಲದಿದ್ದರೆ, ಅದೇ ಇಂಜೆಕ್ಷನ್ನಿನಿಂದ ಆ ವಯಸ್ಸಿನವಳಿಗೆ ಮೆದುಳಿನಲ್ಲಿ ರಕ್ತ ಸೋರಿ ಕುಳಿತಲ್ಲೇ ಹೋಗಬಹುದು. ನಂಬಿಕೆ ಕಳೆದುಕೊಂಡ ಒಂದು ಕೆಂಪು ದೀಪವನ್ನು ನೋಡಿ ಅದನ್ನು ಕೊಡಲು ಯಾರ ಕೈಯೂ ಮುಂದಾಗುವುದಿಲ್ಲ. ಸರಿಯಾದ ಜಾಗದಲ್ಲಿ ಹಚ್ಚಿದ ಗೆರೆಯೊಂದೇ ಇದನ್ನು ತೀರ್ಮಾನಿಸಬೇಕು. ಮತ್ತು ಅದು ಕೂಡಲೇ ಆಗಬೇಕು. ಬೆವರು, ವಾಂತಿ, ದವಡೆ ನೋವು, ಹೆಂಗಸರಿಗೆ ಅಟ್ಯಾಕು ಹೀಗೂ ಬರುತ್ತದೆ.

ಕೋಣೆಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದೆ.

"ದೊಡ್ಡವ್ವ, ಇನ್ನೊಂದ್ಸಲ ತಗೀಬೇಕು."

"ಈಗಿನ್ನ ತಗದಾನಲ್ಲ ಬೇ ಆ ಹುಡುಗ. ಫೋಟೋ ಛಲೋ ಬಂದಿಲ್ಲೇನು?"

"ಬಂದಿಲ್ಲ. ಕುಪ್ಪಸದ ಗಂಟು ಬಿಚ್ಚಬೇಕು."

"ಹೋಗ ಹೋಗ." ಆಕೆ ಎದ್ದೇ ಕುಳಿತಳು. ಬಾಗಿಲಿಗೆ ಪರದೆಯಿತ್ತು, ಆದರೆ ಗಾಳಿಗೆ ಅರ್ಧ ಹಾರುವ ಪರದೆ. ಆಚೆಗೆ ಚೀಟಿ ಮಾಡಿಸುವವರ ಸಾಲು. "ಹೊರಗ ನೋಡಿಯಿಲ್ಲ? ಇಬ್ಬರು ಕಂಡಕ್ಟರ್ ನಿಂತಾರ, ಆ ತಾಲೂಕ್ ಆಫೀಸಿನ ಉದ್ದನ್ನಾವ ನಿಂತಾನ. ಎಲ್ಲಾ ನನ್ನ ಕೈಯಾಗ ಉಂಡಾವ್ರ. ನಾಳಿ ನಾ ಅವರಿಗೆ ಹ್ಯಾಂಗ ನೀಡ್ಲಿ?"

"ನಾಳಿ ನೀಡಾಕ ನೀ ಇರಬೇಕಲ್ಲ."

ಬಾಯಿಂದ ಹಾಗೇ ಬಂತು. ಸೊಸೆ ಬಾಯಿಗೆ ಸೆರಗು ಹಿಡಿದಳು. ದೊಡ್ಡವ್ವ ಹುಬ್ಬಿಗಿಳಿದ ಬೆವರನ್ನು ಅಂಗೈಯಿಂದ ಒರೆಸಿಕೊಂಡಳು.

"ಡಿಗ್ರಿ ಮಾಡಿ ಈ ಮಾತ ಕಲ್ತಿಯೇನ ಬೇ?"

"ಹೂಂ, ಇದನ್ನೂ ಕಲ್ತೀನಿ. ಕೇಳಿಲ್ಲೆ. ಸೆರಗು ಮ್ಯಾಲ ಹಂಗ ಇರ್ಲಿ. ಯಾರೂ ನೋಡಂಗಿಲ್ಲ, ನಾನೂ ನೋಡಂಗಿಲ್ಲ. ಒಳಗ ಕೈ ಹಾಕಿ ಎಲುಬು ಎಣಿಸಿ ಹಚ್ತೀನಿ."

"ನೋಡದ ಹ್ಯಾಂಗ ಹಚ್ತಿ?"

"ಹಿಟ್ಟಿಗೆ ನೀರು ನೀ ನೋಡಿ ಹಾಕ್ತಿಯೇನು?"

ಅದಕ್ಕೆ ಆಕೆಗೆ ನಗು ಬಂತು, ನಗುವಿನ ನಡುವೆಯೇ ದವಡೆ ಹಿಡಿದುಕೊಂಡು ಕಣ್ಣು ಮುಚ್ಚಿದಳು. "ಆತು, ತಗಿ" ಎಂದು ಸೆರಗಿನೊಳಗೆ ಕೈ ಹಾಕಿ ತಾನೇ ಗಂಟು ಬಿಚ್ಚಲು ಹೋದಳು. ಬಿಚ್ಚಲಾಗಲಿಲ್ಲ. ದಿನಕ್ಕೆ ಬುಟ್ಟಿಗಟ್ಟಲೆ ರೊಟ್ಟಿ ಬಡಿಯುವ ಬೆರಳುಗಳು ಒಂದು ಬಟ್ಟೆಯ ಗಂಟಿನ ಮೇಲೆ ಜಾರಿ ಜಾರಿ ಹೋದವು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ನಾನೇ ಬಿಚ್ಚಿದೆ.

ಇಳಕಲ್ಲ ಸೆರಗಿನ ಕೆಳಗೆ, ಕಣ್ಣು ಗೋಡೆಯ ಕಡೆಗಿಟ್ಟು, ಬೆರಳಿನಿಂದ ಪಕ್ಕೆಲುಬು ಎಣಿಸಿದೆ. ಮೈ ತಣ್ಣಗೆ ಒದ್ದೆಯಾಗಿತ್ತು, ಬಲ್ಬು ಹಿಡಿಯುತ್ತಿರಲಿಲ್ಲ. ಸೊಸೆಯ ಕೈಗೆ ಹತ್ತಿ ಕೊಟ್ಟು ಒರೆಸಿಸಿ ಮತ್ತೆ ಹಚ್ಚಿದೆ. ಎದೆಗೂಡಿನ ನಡುವೆ ಅತ್ತ ಒಂದು, ಇತ್ತ ಒಂದು, ಉಳಿದ ನಾಲ್ಕು ಎಡಕ್ಕೆ ಸುತ್ತಿಕೊಂಡು ಕಂಕುಳದ ಕಡೆಗೆ. ಗುಂಡಿ ಒತ್ತಿದೆ.

ಜೋತಿಷ್ಯಾರ ಉತ್ತರ ಬರುವವರೆಗೆ ನಾನು ಕಾಯಲಿಲ್ಲ. ಕಾಗದ ಹೊರಬರುತ್ತಿದ್ದಂತೆಯೇ ಕಂಡಿತು. ಎದೆಯ ಎರಡನೆಯ, ಮೂರನೆಯ, ನಾಲ್ಕನೆಯ ಗೆರೆಗಳು ಕೆಳಗಿಳಿದು ಕೂಡಬೇಕಾದಲ್ಲಿ ಕೂಡದೆ ಹೆಡೆಯೆತ್ತಿ ನಿಂತಿದ್ದವು. ಜಾಗ ತಪ್ಪಿದ ಬಲ್ಬು ಅಂಥ ಗೆರೆ ಬರೆಯುವುದಿಲ್ಲ. ಕಾಗದ ಹರಿದುಕೊಂಡು ಡಾಕ್ಟರ ಕೋಣೆಗೆ ಓಡಿದೆ. ಅವರು ಒಂದು ಕೂಸಿನ ಕಿವಿ ನೋಡುತ್ತಿದ್ದರು.

"ಸರ, ಖಾನಾವಳಿ ದೊಡ್ಡವ್ವಂದು. ಸರಿಯಾದ ಜಾಗದಾಗ ಹಚ್ಚಿದ್ದು."

"ಏನಂತಾರ ಜೋತಿ..."

"ಅವರನ್ನ ಆಕಡೆ ಇಡ್ರಿ ಸರ. ಗೆರಿ ನೋಡ್ರಿ."

ನೋಡಿದರು. ಕೂಸನ್ನು ತಾಯಿಯ ಕೈಗೆ ಕೊಟ್ಟು ಎದ್ದೇಬಿಟ್ಟರು. ಆಮೇಲೆ ಅವರು ಒಂದು ನಿಮಿಷವನ್ನೂ ಹಾಳು ಮಾಡಲಿಲ್ಲ. ಗುಳಿಗೆ ಅಗಿಸಿದ್ದು, ಮೊದಲೆಂದಾದರೂ ತಲೆಗೆ ಪೆಟ್ಟು ಬಿದ್ದಿತ್ತೇ, ಲಕ್ವ ಹೊಡೆದಿತ್ತೇ ಎಂದು ಸೊಸೆಯನ್ನು ಕೇಳಿದ್ದು, ಕೊಪ್ಪಳಕ್ಕೆ ಫೋನ್ ಹಚ್ಚಿ ಭುಜದಲ್ಲಿ ಹಿಡಿದುಕೊಂಡೇ ಇಂಜೆಕ್ಷನ್ ಬೆರೆಸಿದ್ದು, ಎಲ್ಲ ಒಟ್ಟೊಟ್ಟಿಗೆ. ಸೂಜಿ ಏರುವಾಗ ಸೊಸೆ ಒಮ್ಮೆಲೇ ಅಳಲು ಶುರು ಮಾಡಿದಳು.

"ಅಳಬ್ಯಾಡ್ರಿ, ಕೊಟ್ಟೀವಿ" ಎಂದರು ಡಾಕ್ಟರು.

"ಅದಕ್ಕಲ್ರಿ ಸಾಹೇಬ್ರ, ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೀವ್ರಿ."

ನಮ್ಮ ಹುಡುಗ ಗಾಡಿ ತೆಗೆದುಕೊಂಡು ಓಡಿದ, ಗ್ಯಾಸ್ ಆರಿಸಲು. ದೊಡ್ಡವ್ವ ಕಣ್ಣು ಮುಚ್ಚಿಕೊಂಡೇ, "ಉಪ್ಪ ಹಾಕಿಲ್ಲ, ಹಾಕಿ ಬಾ ಅನ್ನು" ಎಂದಳು.

ಆಂಬ್ಯುಲೆನ್ಸಿನಲ್ಲಿ ಆಕೆಯ ಜೊತೆಗೆ ಕೊಪ್ಪಳದ ತನಕ ನಾನೂ ಹೋದೆ. ದಾರಿಯಲ್ಲಿ ದವಡೆಯ ನೋವು ಇಳಿಯಿತು. ಮಾನಿಟರಿನಲ್ಲಿ ಹೆಡೆಯೆತ್ತಿದ್ದ ಗೆರೆ ನಿಧಾನವಾಗಿ ತಗ್ಗುವುದನ್ನು ನೋಡುತ್ತ ಕುಳಿತೆ. ಆಕೆ ಉಳಿದಳು. ಆದರೆ ಹೃದಯದ ಮುಂಭಾಗದ ಒಂದಷ್ಟು ಸ್ನಾಯು ಅಷ್ಟರೊಳಗೇ ಸತ್ತಿದೆ, ಇನ್ನಷ್ಟು ಬೇಗ ಇಂಜೆಕ್ಷನ್ ಬಿದ್ದಿದ್ದರೆ ಛಲೋ ಇತ್ತು ಎಂದರು ಅಲ್ಲಿಯ ಡಾಕ್ಟರು.

ಮರುದಿನ ನಮ್ಮ ಡಾಕ್ಟರು ಎರಡೂ ಕಾಗದವನ್ನು ಮೇಜಿನ ಮೇಲೆ ಹಾಸಿಕೊಂಡು ಕುಳಿತಿದ್ದರು. ನನ್ನನ್ನು ಕರೆದರು.

"ಜಾಗ ತಪ್ಪಿ ಹಚ್ಚಿದ್ರೂ ಮೊದಲನೇದಕ್ಕೂ ಕೆಂಪಂತ ಅಂದಿತ್ತಲ್ರಿ."

"ಅಂದಿತ್ರಿ ಸರ."

"ಖರೇನ ಅಂದಿತ್ತು."

"ಹೌದ್ರಿ. ಆದ್ರ ಅದಕ್ಕಿಂತ ಮೊದಲು ಸುಳ್ಳು ಭಾಳ ಅಂದಿತ್ತು. ಆ ಸುಳ್ಳು ಹೇಳಿಸಿದ್ದು ನಾವ."

ಮೊದಲನೆಯ ಕಾಗದಕ್ಕೂ ಎರಡನೆಯದಕ್ಕೂ ನಡುವೆ ಹೋದ ಹೊತ್ತು ನಮ್ಮಿಬ್ಬರ ಮುಂದೆಯೇ ಇತ್ತು. ಆ ವಾರದೊಳಗೆ ಬಾಗಿಲಿಗೆ ದಪ್ಪ ಪರದೆ ಬಂತು. ಹೆಂಗಸರ ಈಸಿಜಿಗೆ ಎಂದು ಹೆರಿಗೆ ವಾರ್ಡಿನ ಇಬ್ಬರು ಆಯಾಗಳಿಗೆ ಬಲ್ಬು ಹಚ್ಚುವುದನ್ನು ನಾನೇ ಕಲಿಸಿದೆ, ಸೆರಗಿನ ಕೆಳಗೆ, ಬೆರಳಿನಿಂದ. ಎಂಜಿನಿಯರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿ, ಜಾಗ ತಪ್ಪಿ ಹಚ್ಚಿದ ಗೆರೆ ಹೇಗಿರುತ್ತದೆಂದು ಕಂಪ್ಯೂಟರಿಗೆ ತೋರಿಸಬೇಕು, ಒಬ್ಬಳದೇ ಎರಡೂ ರೀತಿಯ ಗೆರೆ ಬೇಕು ಎಂದರು. ಎರಡೂ ರೀತಿ ಹಚ್ಚಿಸಿಕೊಳ್ಳಲು ಮೊದಲು ಮಲಗಿದವಳು ನಾನೇ. ಆಮೇಲೆ ಸಿಸ್ಟರುಗಳು, ಆಯಾಗಳು, ಅವರ ಅತ್ತೆಯಂದಿರು. ನಿಧಾನಕ್ಕೆ ಹೆಂಗಸರಿಗೆ ಹಸಿರು ಬರತೊಡಗಿತು. ಜಾಗ ತಪ್ಪಿದರೆ ಈಗ ಅದೇ ಹೇಳುತ್ತದೆ, ಮತ್ತೆ ಹಚ್ಚಿ ಎಂದು. ಕೆಂಪು ಬಂದರೆ ಡಾಕ್ಟರು ಏಳುತ್ತಾರೆ.

ದೊಡ್ಡವ್ವ ಮೂರು ತಿಂಗಳ ಮೇಲೆ ಖಾನಾವಳಿಗೆ ಬಂದಳು. ರೊಟ್ಟಿ ಬಡಿಯಲು ಮಾತ್ರ ಆಗಲಿಲ್ಲ. ಎರಡು ಬಡಿದರೆ ದಮ್ಮು ಹತ್ತುತ್ತಿತ್ತು. ಈಗ ಒಲೆಯ ಮುಂದೆ ಸೊಸೆ, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅತ್ತೆ. ಕಳೆದ ವಾರ ಉಣ್ಣಲು ಹೋಗಿದ್ದೆ. ನನಗೆ ಒಲೆಯ ಹತ್ತಿರವೇ ಹಾಕಿದರು. ದೊಡ್ಡವ್ವ ನನ್ನ ತಾಟಿನಿಂದ ರೊಟ್ಟಿಯ ಅಂಚು ಮುರಿದು ಎರಡು ಬೆರಳಿನ ನಡುವೆ ಹಿಡಿದು ನೋಡಿದಳು.

"ದಪ್ಪ ಆಗೈತಿ ಬೇ" ಎಂದಳು ಸೊಸೆಗೆ.

"ಹಂಗಾರ ನೀವ ಬಡೀರಿ."

ದೊಡ್ಡವ್ವ ನನ್ನ ಕಡೆ ತಿರುಗಿದಳು. "ಕೇಳಿದಿಲ್ಲ? ನಿಮ್ಮ ಡಾಕ್ಟರಿಗೆ ಹೇಳು, ಈ ಬಾಯಿಗೂ ಒಂದ ಇಂಜೆಕ್ಷನ್ ಐತೇನು ನೋಡು ಅಂತ." ನಂತರ ಕುರ್ಚಿಯ ಕೈ ಹಿಡಿದು ಎದ್ದು, ಉಸಿರು ಕೂಡಿಸಿಕೊಳ್ಳಲು ಒಂದು ಸಲ ನಿಂತು, ಕಂಡಕ್ಟರುಗಳ ಸಾಲಿಗೆ ಪಲ್ಯ ನೀಡಲು ಹೋದಳು.